ಮೇಣ ಹತ್ತಿದ ಅಚ್ಚುಮೊಳೆ

ನಮ್ಮ ಮನೆಯ ಮೇಜಿನ ಮೇಲೆ ಆ ಹೆಂಗಸು ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟಳು. ಒಂದು, ಚಳಿಗಾಲದಲ್ಲಿ ಲ್ಯಾಬ್ ಕೊಟ್ಟ ವರದಿ— 'ದೋಷ ಕಂಡುಬಂದಿಲ್ಲ.' ಇನ್ನೊಂದು, ಈ ವಾರ ತೆಗೆದ ಎದೆಯ ಸ್ಕ್ಯಾನ್. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಬಿಳಿ ಗಡ್ಡೆ.

ಎರಡೂ ಅವಳ ಅಪ್ಪನವು.

"ಇವೆರಡರಲ್ಲಿ ಒಂದು ಸುಳ್ಳು. ಸ್ಕ್ಯಾನ್ ಸುಳ್ಳಲ್ಲ, ಅಪ್ಪ ಕೆಮ್ಮಿದಾಗ ರಕ್ತ ಬರೋದನ್ನ ನಾನೇ ನೋಡಿದೀನಿ. ಹಾಗಾದ್ರೆ ಸುಳ್ಳು ಹೇಳಿದ್ಯಾರು, ಮೇಡಂ?"

ಅವಳು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರ್. ಅವಳು ಪ್ರಶ್ನೆ ಕೇಳಿದ್ದು ನನ್ನನ್ನಲ್ಲ, ನನ್ನ ಹೆಂಡತಿಯನ್ನು. ನಮ್ಮ ಮನೆಯಾಕೆ ತನ್ನ ಉದ್ಯೋಗದ ಉದ್ದಕ್ಕೂ ಸೂಕ್ಷ್ಮದರ್ಶಕದ ಕೆಳಗೆ ಶ್ವಾಸಕೋಶದ ಚೂರುಗಳನ್ನು ನೋಡಿದವಳು. ನಿವೃತ್ತಿಯಾದ ಮೇಲೆ ಸುಮ್ಮನಿರುತ್ತಾಳೆ ಎಂದುಕೊಂಡಿದ್ದೆ. ಆಸ್ಪತ್ರೆಗಳಲ್ಲಿ ಯಾರ ತಪ್ಪು ಎಂಬ ಜಗಳ ಎದ್ದಾಗಲೆಲ್ಲ ಇವಳನ್ನೇ ಕರೆಯುತ್ತಾರೆ. ನಾನು ಮಾಜಿ ಅಪರಾಧ ವರದಿಗಾರ. ಈಗ ಕಾರು ಓಡಿಸುವುದು, ಟಿಪ್ಪಣಿ ಬರೆಯುವುದು, ಬೈಸಿಕೊಳ್ಳುವುದು ನನ್ನ ಕೆಲಸ.

"ಲ್ಯಾಬ್‌ನವರು ಏನಂತಾರೆ?" ಎಂದಳು ನನ್ನವಳು.

"ಆ ದಿನ ಪರೀಕ್ಷೆ ಮಾಡಿದ ಹುಡುಗೀನ ಸಸ್ಪೆಂಡ್ ಮಾಡಿದಾರೆ. ಅಪ್ಪನ ಕಫಾನ ಬೇರೆಯವರದ್ದರ ಜೊತೆ ಅದಲು ಬದಲು ಮಾಡಿರ್ಬೇಕು ಅಂತಾರೆ. ನನಗೂ ಹಾಗೇ ಅನ್ಸುತ್ತೆ. ಅವಳನ್ನ ಕೆಲಸದಿಂದಲೇ ತೆಗೀಬೇಕು. ಅವಳು ನನ್ನಪ್ಪನ ಇಷ್ಟು ತಿಂಗಳು ಕದ್ದಿದಾಳೆ."

"ಅನ್ಸೋದು ಬೇರೆ, ಆಗಿರೋದು ಬೇರೆ. ನಿಮ್ಮಪ್ಪನ್ನ ನೋಡೋಣ ನಡೀರಿ," ಎಂದು ನನ್ನವಳು ಎದ್ದಳು. ನಾನು ಕಾರಿನ ಕೀಲಿ ಹುಡುಕಿದೆ.

ಅವಳಪ್ಪ ವಾರ್ಡಿನ ಕಿಟಕಿಯ ಪಕ್ಕ, ದಿಂಬಿಗೆ ಒರಗಿ ಕೂತಿದ್ದರು. ಹಿಂದೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಸಾಲನ್ನು ತಿರುಗುಮುರುಗಾಗಿ ಓದುವ ಅಭ್ಯಾಸ ಇನ್ನೂ ಹೋಗಿಲ್ಲವೆಂದು ನಗುತ್ತಾ, ನನ್ನ ಕೈಯಲ್ಲಿದ್ದ ಟಿಪ್ಪಣಿಯನ್ನು ಎದುರಿನಿಂದಲೇ ಓದಿ ಒಂದು ತಪ್ಪು ಹಿಡಿದರು. ನನಗೆ ಅವರು ತಕ್ಷಣ ಇಷ್ಟವಾಗಿಬಿಟ್ಟರು. ಅದೇ ಸಂಕಟಕ್ಕೆ ಕಾರಣವಾಯಿತು.

"ಎಷ್ಟು ಕಾಲ ಸೇದಿದ್ರಿ?"

"ಮೀಸೆ ಬರೋಕ್ಕೆ ಮುಂಚೆಯಿಂದ ಮೀಸೆ ಬೆಳ್ಳಗಾಗೋ ತನಕ. ಮಗಳ ಮುಂದೆ ಸುಳ್ಳು ಹೇಳೋ ಹಾಗಿಲ್ಲ, ಅವಳೇ ಬೂದಿ ಗುಡಿಸಿದಾಳೆ. ಅದಕ್ಕೇ ಅಲ್ವಾ ವರ್ಷಾವರ್ಷ ಆ ಲ್ಯಾಬ್‌ಗೆ ಹೋಗಿ ಕಫ ಕೊಡ್ತಿದ್ದಿದ್ದು? ಡಾಕ್ಟ್ರೇ, ಅವರು ಅದರಲ್ಲಿ ಏನು ಹುಡುಕ್ತಾರೆ? ನನಗೆ ತಿಳಿಯೋ ಹಾಗೆ ಹೇಳಿ."

"ನಿಮ್ಮ ಕಸುಬಿನಲ್ಲೇ ಹೇಳ್ತೀನಿ. ಮೈಯಲ್ಲಿರೋ ಒಂದೊಂದು ಜೀವಕೋಶದ ಒಳಗೂ ಜೋಡಿಸಿಟ್ಟ ಮೊಳೆ ಇದೆ ಅಂದ್ಕೊಳ್ಳಿ. ಜೀನ್ ಅಂತೀವಿ. ಅದರಲ್ಲಿ ಒಂದು ಸಾಲಿನ ಕೆಲಸ, 'ಸಾಕು, ಇನ್ನು ಬೆಳೀಬೇಡ' ಅಂತ ಜೀವಕೋಶಕ್ಕೆ ಹೇಳೋದು. ಕ್ಯಾನ್ಸರ್ ಬರೋಕೆ ಆ ಮೊಳೆ ಮುರಿದೇ ಹೋಗ್ಬೇಕು ಅಂತಿಲ್ಲ. ಕೆಲವು ಸಲ ಒಂದಕ್ಷರಾನೂ ಅಲ್ಲಾಡಿರಲ್ಲ. ಅದರ ಮೇಲೆ ಮೇಣ ಬಿದ್ದಿರುತ್ತೆ."

"ಮಸಿ ಹಿಡಿಯಲ್ಲ," ಎಂದರು ಅವರು ಥಟ್ಟನೆ. "ಸಾಲು ಇರುತ್ತೆ, ಕಾಗದದ ಮೇಲೆ ಮೂಡಲ್ಲ. ಮೊಳೆ ಎಷ್ಟು ಸಲ ಓದಿದ್ರೂ ತಪ್ಪು ಸಿಗಲ್ಲ."

"ಅದೇ. ಹೊಗೆ ಅಂಥಾ ಮೇಣ ಮೆತ್ತುತ್ತೆ. ಗಡ್ಡೆ ಕಾಣಿಸೋಕೆ ಎಷ್ಟೋ ಮುಂಚೆ. ಕಫದ ಜೊತೆ ಬಂದ ಜೀವಕೋಶಗಳಲ್ಲಿ ಲ್ಯಾಬ್‌ನವರು ನೋಡೋದು ಆ ಮೇಣಾನೇ."

"ಸೇದೋದು ಬಿಟ್ರೆ ಕರಗಲ್ವಾ?"

"ಕೆಲವು ಕಡೆ ಕರಗುತ್ತೆ. ಕೆಲವು ಕಡೆ ಬಿಟ್ಟು ವರ್ಷಗಟ್ಟಲೆ ಆದ್ರೂ ಹಾಗೇ ಕೂತಿರುತ್ತೆ."

ಅವರು ಕಿಟಕಿಯ ಕಡೆ ತಿರುಗಿದರು. "ಚಳಿಗಾಲದಲ್ಲೇ ಗೊತ್ತಾಗಿದ್ರೆ?"

ನನ್ನವಳು ಸುಳ್ಳು ಹೇಳುವವಳಲ್ಲ. "ಕತ್ತರಿಸಿ ತೆಗೆಯಬಹುದಾಗಿತ್ತು," ಎಂದಳು. ಟೀಚರ್ ವಾರ್ಡಿನಿಂದ ಆಚೆ ಹೋದಳು.

ಲ್ಯಾಬ್ ಇದ್ದದ್ದು ಹಳೆಯ ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ. ಮುಖ್ಯಸ್ಥರು ಬಾಗಿಲಲ್ಲೇ ಕೈ ತೊಳೆದುಕೊಂಡುಬಿಟ್ಟರು. "ಯಂತ್ರ ಸರಿಯಿದೆ, ರಾಸಾಯನಿಕ ಸರಿಯಿದೆ. ಮನುಷ್ಯರ ಕೈ ತಪ್ಪು. ಆ ಹುಡುಗಿ ಆವತ್ತು ಮನಸ್ಸಿಟ್ಟು ಕೆಲಸ ಮಾಡಿಲ್ಲ, ಅಷ್ಟೇ."

"ಅವಳು ಒಪ್ಕೊಂಡಳಾ?"

"ಒಪ್ಕೋತಾಳಾ? ಅತ್ತಳು."

ಆ ಹುಡುಗಿ ಚಹಾ ಕೋಣೆಯಲ್ಲಿ ಕಾದಿದ್ದಳು. ಪಕ್ಕದಲ್ಲಿ ಕೂತಿದ್ದವರು ಅವಳ ಅಪ್ಪ. ಅವರೂ ಅದೇ ಲ್ಯಾಬ್‌ನವರು— ಶೀತಲಪೆಟ್ಟಿಗೆಗಳ ಉಸ್ತುವಾರಿ ಅವರದು. ಇಡೀ ಕಟ್ಟಡ ಅವರನ್ನು 'ಮಾಮ' ಎನ್ನುತ್ತದೆ. ಯಾರ ಮಗುವಿಗೆ ಜ್ವರ ಬಂದರೂ ವಿಚಾರಿಸುವ, ಯಾರ ಕೊಡೆ ಮರೆತರೂ ಎತ್ತಿಡುವ ಮನುಷ್ಯ. ನಮಗೂ ಅವರೇ ಚಹಾ ತಂದುಕೊಟ್ಟರು.

"ನಾನು ಅದಲು ಬದಲು ಮಾಡಿಲ್ಲ, ಮೇಡಂ. ಬೆಳಿಗ್ಗೆ ಅಪ್ಪ ಪೆಟ್ಟಿಗೆಯಿಂದ ಶೀಶೆ ತೆಗೆದುಕೊಡ್ತಾರೆ. ಒಂದು ಪರೀಕ್ಷೆಗೆ ಬಂದ ರೋಗಿಯದು, ಹೋಲಿಸೋಕೆ ಒಂದು ಕಾಯಿಲೆ ಬಲಿತವರದು, ಒಂದು ನಾರ್ಮಲ್. ಮೂರನ್ನೂ ಒಟ್ಟಿಗೆ ಯಂತ್ರಕ್ಕೆ ಹಾಕ್ತೀನಿ. ಚೀಟಿ ನೋಡದೆ ನಾನು ಮುಚ್ಚಳ ಕೂಡ ತೆಗೆಯಲ್ಲ."

"ಅವಳು ನಿಧಾನಸ್ಥೆ, ಮೇಡಂ," ಎಂದರು ಮಾಮ. ಕೈಯಲ್ಲಿದ್ದ ಪೆನ್ನಿನ ತುದಿಯನ್ನು ಸಾಸರಿನ ಅಂಚಿಗೆ ಮೆಲ್ಲಗೆ ತಟ್ಟಿದರು. "ಚಿಕ್ಕವಳಿದ್ದಾಗ ಷೂ ದಾರ ಕಟ್ಟೋಕೆ ಅರ್ಧ ಬೆಳಿಗ್ಗೆ ತಗೋತಿದ್ಳು." ಮತ್ತೆ ತಟ್ಟಿದರು. "ಶಿಕ್ಷೆ ಕೊಡಬೇಕಾದ್ರೆ ನನಗೆ ಕೊಡಿ. ಶೀಶೆ ಕೊಟ್ಟಿದ್ದು ನಾನು."

"ಅಪ್ಪಾ! ನಿಮ್ಮದೇನು ತಪ್ಪು?" ಎಂದಳು ಮಗಳು. ಅವಳ ದನಿಯಲ್ಲಿ ಅಪ್ಪನೆಂದರೆ ಬಹಳ ಹೆಮ್ಮೆ ಇತ್ತು.

ಕಾರು ಹತ್ತುತ್ತಾ ನಾನೆಂದೆ, "ಈ ಹುಡುಗಿ ಸುಳ್ಳು ಹೇಳ್ತಿಲ್ಲ. ನನ್ನ ಮೂಗು ಹೇಳುತ್ತೆ."

"ನಿಮ್ಮ ಮೂಗಿಗೆ ನೆಗಡಿ. ಉಳಿದ ಕಫಾನ ಲ್ಯಾಬ್‌ನವರು ಪೆಟ್ಟಿಗೇಲಿ ಇಟ್ಟಿರ್ತಾರೆ, ಅದನ್ನ ಕೇಳೋಣ," ಎಂದಳು ನನ್ನವಳು.

ಟೀಚರ್ ಅಪ್ಪ, ಆ ಅಚ್ಚುಕೂಟದವರು, ಚಳಿಗಾಲದಲ್ಲಿ ಕೊಟ್ಟಿದ್ದರಲ್ಲಿ ಸ್ವಲ್ಪ ಪೆಟ್ಟಿಗೆಯಲ್ಲೇ ಉಳಿದಿತ್ತು. ಮೊದಲು, ಅದು ಅವರದೇ ಹೌದೇ? ಅವರ ರಕ್ತದ ಜೊತೆ ಹೋಲಿಸಿದರು. ಹೌದು, ಅವರದೇ. ಅದಲು ಬದಲಿನ ಮಾತು ಅಲ್ಲಿಗೇ ಬಿದ್ದುಹೋಯಿತು. ಆಮೇಲೆ ನಮ್ಮ ಕಣ್ಣೆದುರೇ, ಬೇರೊಬ್ಬ ತಂತ್ರಜ್ಞೆಯ ಕೈಯಲ್ಲಿ, ಅದೇ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದರು.

ಫಲಿತಾಂಶ— ದೋಷವಿಲ್ಲ!

ಮುಖ್ಯಸ್ಥರ ಮುಖ ಅರಳಿತು. "ನೋಡಿದ್ರಾ? ಆಗ ಕಾಯಿಲೆನೇ ಇರ್ಲಿಲ್ಲ. ಆಮೇಲೆ ಬಂದು ಬೇಗ ಬೆಳೆದಿದೆ. ಯಾರ ತಪ್ಪೂ ಇಲ್ಲ."

"ನಿಂಬೆಹಣ್ಣಿನ ಗಾತ್ರ ಒಂದೇ ಬೇಸಿಗೇಲಿ ಬೆಳೆಯಿತಾ?" ನನ್ನವಳು ಕನ್ನಡಕ ತೆಗೆದಳು. ಅವಳು ಕನ್ನಡಕ ತೆಗೆದರೆ ಯಾರಿಗೋ ಕೇಡು. "ಈ ವರ್ಷ ಎಷ್ಟು ಜನಕ್ಕೆ ದೋಷ ಇದೆ ಅಂತ ಹೇಳಿದ್ರಿ?"

"ಈ ವರ್ಷ ನಮ್ಮ ಪುಣ್ಯ. ಹೆಚ್ಚು ಕಡಿಮೆ ಎಲ್ಲರೂ ಪಾಸ್."

"ಹೋದ ವರ್ಷ?"

"ಹೋದ ವರ್ಷ... ಬೇಕಾದಷ್ಟು ಜನ ಇದ್ರು." ಅವರ ನಗು ಅರ್ಧದಲ್ಲೇ ನಿಂತಿತು.

"ಊರಲ್ಲಿ ಯಾರೂ ಸೇದೋದು ಬಿಟ್ಟಿದ್ದು ನನಗೆ ಕಾಣಿಸ್ಲಿಲ್ಲ. ಎಲ್ಲರ ಶ್ವಾಸಕೋಶಾನೂ ಒಂದೇ ಸಲಕ್ಕೆ ಒಳ್ಳೇದಾಗಿಬಿಟ್ವಾ? ಈ ವರ್ಷ ಇಲ್ಲಿ ಬದಲಾಗಿದ್ದೇನು?"

"ಏನೂ ಇಲ್ಲ. ಅದೇ ಯಂತ್ರ, ಅದೇ ಜನ—"

"ನಾರ್ಮಲ್ ಶೀಶೆ?"

ಮುಖ್ಯಸ್ಥರು ಬಾಯಿ ಬಿಟ್ಟರು. ಮೊದಲೆಲ್ಲ ನಾರ್ಮಲ್ ಮಾದರಿಯನ್ನು ಹೊರಗಿನಿಂದ ತರಿಸುತ್ತಿದ್ದರಂತೆ. ಅದು ಬರುವುದು ತಡವಾಯಿತು. 'ನಮ್ಮಲ್ಲೇ ಸೇದದವರು ಯಾರಾದರೂ ಕೊಡಿ' ಎಂದು ಇಡೀ ಕಟ್ಟಡದ ಜನರನ್ನು ಸೇರಿಸಿ ಕೇಳಿದರು. ಎಂದೂ ಸೇದಿಲ್ಲ ಎಂದು ಕೈ ಎತ್ತಿದವರಲ್ಲಿ ಒಬ್ಬರನ್ನು ನರ್ಸು ಆರಿಸಿ, ಉಪ್ಪುನೀರಿನ ಆವಿ ಎಳೆಸಿ, ಕೆಮ್ಮಿಸಿ, ಕಫ ತೆಗೆದಳು. ಅದನ್ನೇ ಸಣ್ಣ ಸಣ್ಣ ಶೀಶೆಗಳಿಗೆ ಹಂಚಿ ವರ್ಷವಿಡೀ ಬಳಸಿದರು. ಕೊಟ್ಟವರ ಹೆಸರು ಇಡಬಾರದೆಂಬುದು ನಿಯಮ. ಆ ನರ್ಸು ಮದುವೆಯಾಗಿ ದೂರ ಹೋಗಿದ್ದಳು.

"ಒಬ್ಬರದೇ?" ನನ್ನವಳ ದನಿ ಏರಿತು. "ಹತ್ತು ಜನರದ್ದು ಸೇರಿಸೋದು ಬಿಟ್ಟು ಒಬ್ಬರನ್ನೇ ನಂಬಿದ್ರಾ? ರೋಗಿಯಲ್ಲಿ ನಾರ್ಮಲ್‌ಗಿಂತ ಎಷ್ಟು ಪಟ್ಟು ಹೆಚ್ಚು ಮೇಣ ಇದೆ ಅಂತ ತಾನೇ ನಿಮ್ಮ ಯಂತ್ರ ಹೇಳೋದು? ನಾರ್ಮಲ್‌ನಲ್ಲೇ ಮೇಣ ಇದ್ರೆ?"

ಮುಖ್ಯಸ್ಥರು ಪೆಟ್ಟಿಗೆ ತೆಗೆಸಿ ಉಳಿದ ನಾರ್ಮಲ್ ಶೀಶೆಗಳನ್ನು ಮೇಜಿನ ಮೇಲಿಟ್ಟರು.

ಆ ಶೀಶೆಗಳಲ್ಲೊಂದನ್ನು ನನ್ನವಳು ಬೇರೆ ಆಸ್ಪತ್ರೆಯ ಲ್ಯಾಬ್‌ಗೆ ಒಯ್ದಳು. ಜೊತೆಗೆ ತನ್ನ ಕಫ. ಜೊತೆಗೆ ನನ್ನದು ಕೂಡ! "ನೀವು ಪತ್ರಿಕೆಯಲ್ಲಿದ್ದಾಗ ಎಂಜಿನ್ ಥರ ಹೊಗೆ ಬಿಡ್ತಿದ್ರಲ್ಲ. ಅದು ಇವತ್ತಾದ್ರೂ ಉಪಯೋಗಕ್ಕೆ ಬರಲಿ, ಎಳೀರಿ." ಉಪ್ಪಿನ ಆವಿ ಎಳೆದು ನನ್ನ ಕರುಳೇ ಕಿತ್ತು ಬಂದಂತಾಯಿತು. ಅವಳು ಪಕ್ಕದಲ್ಲಿ ನಿಂತು ಶಹಬ್ಬಾಸ್ ಎಂದಳು.

ಉತ್ತರ ಬಂತು. ಅವಳದರಲ್ಲಿ ಮೇಣ ಇಲ್ಲವೆನ್ನುವಷ್ಟು ಕಡಿಮೆ. ನನ್ನದರಲ್ಲಿ ಸಾಕಷ್ಟು. 'ನಾರ್ಮಲ್' ಶೀಶೆಯಲ್ಲಿ ನನ್ನದಕ್ಕಿಂತಲೂ ಬಹಳ ಹೆಚ್ಚು! ಅದು ಗಂಡಸಿನದು ಎಂಬುದೂ ತಿಳಿಯಿತು. ನಾನು ನಗಲು ಹೋದೆ. ಅವಳು ಆ ಕಾಗದವನ್ನೇ ನೋಡುತ್ತಾ ಕೂತಿದ್ದಳು.

"ರೀ, ಇದು ಸೇದಿದವರ ಗುರುತು ಮಾತ್ರ ಅಲ್ಲ. ಇಷ್ಟಿದ್ರೆ ಕಾಯಿಲೆ ಶುರುವಾಗಿರಬಹುದು. ಆ ಮನುಷ್ಯನಿಗೆ ಗೊತ್ತೇ ಇಲ್ಲ."

"ಯಾರಿರಬಹುದು? ಲ್ಯಾಬ್ ಬಾಗಿಲಲ್ಲಿ ನಿಂತಿರ್ತಾನಲ್ಲ, ಆ ಆಂಬುಲೆನ್ಸ್ ಡ್ರೈವರ್ ಮೇಲೆ ನನಗೆ ಅನುಮಾನ. ಬಾಯಲ್ಲಿ ಸದಾ ಪುದೀನ ಮಿಠಾಯಿ. ವಾಸನೆ ಮುಚ್ಚೋಕೇ ಅಲ್ವಾ?"

"ಅವನ ಷರ್ಟೇ ಸಿಗರೇಟ್ ನಾರುತ್ತೆ. ಸೇದಲ್ಲ ಅಂತ ಅವನು ಕೈ ಎತ್ತಿದ್ರೆ ಕಟ್ಟಡವೇ ನಗ್ತಿತ್ತು. ನಾವು ಹುಡುಕ್ತಿರೋನು, ಎಂದೂ ಸೇದಿಲ್ಲ ಅಂದ್ರೆ ಎಲ್ಲರೂ ನಂಬೋ ಅಂಥವನು." ಅವಳು ನನ್ನ ಕೈ ನೋಡಿದಳು. ಯೋಚಿಸುವಾಗ ನಾನು ಪೆನ್ನು ಹಿಡಿಯುವ ರೀತಿ ಅವಳಿಗೆ ಗೊತ್ತು. ಅವಳ ಮುಖ ಸಪ್ಪಗಾಯಿತು. "ಅಯ್ಯೋ," ಎಂದಳು. "ಅವರಾಗದೇ ಇರಲಪ್ಪ."

ಮರುದಿನ ಚಹಾ ಕೋಣೆಯಲ್ಲಿ ನನ್ನವಳ ಎದುರು ಐದು ಜನರಿದ್ದರು. ಮುಖ್ಯಸ್ಥರು, ಮಾಮ, ಮಾಮನ ಮಗಳು, ಲೆಕ್ಕದ ಟೀಚರ್, ನಾನು. ನನ್ನವಳು ನಿಂತೇ ಮಾತಾಡಿದಳು.

"ಈ ಹುಡುಗಿ ತಪ್ಪು ಮಾಡಿಲ್ಲ. ಶೀಶೆ ಬದಲಾಗಿಲ್ಲ. ಯಂತ್ರ ಕೆಟ್ಟಿಲ್ಲ. ಕೆಟ್ಟಿದ್ದು ಅಳತೆಗೋಲು. ಯಾರನ್ನ ಆರೋಗ್ಯವಂತ ಅಂತಿಟ್ಟುಕೊಂಡು ಊರಿನವರನ್ನೆಲ್ಲ ಅಳೆದ್ರೋ, ಅವರೇ ವರ್ಷಗಟ್ಟಲೆ ಸೇದಿದವರು. ಅವರ ಪಕ್ಕ ಇಟ್ರೆ ಟೀಚರ್ ಅಪ್ಪನ ಮೇಣ ಹೆಚ್ಚು ಅನ್ನಿಸಲೇ ಇಲ್ಲ. ಅವರೊಬ್ಬರೇ ಅಲ್ಲ, ಈ ವರ್ಷ ಪಾಸಾದವರೆಲ್ಲ ಹಾಗೇ."

"ಯಾರದು?" ಟೀಚರ್ ಮುಂದಕ್ಕೆ ಬಾಗಿದಳು.

ಮಾಮ ಸಾಸರಿನ ಅಂಚಿಗೆ ಪೆನ್ನು ತಟ್ಟುತ್ತಿದ್ದರು.

"ನಮ್ಮ ಮನೆಯವರನ್ನ ನೋಡಿ," ಎಂದಳು ನನ್ನವಳು. ಎಲ್ಲರೂ ನನ್ನತ್ತ ತಿರುಗಿದರು. ನನ್ನ ಪೆನ್ನು ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಇತ್ತು. "ಸಿಗರೇಟ್ ಬಿಟ್ಟು ಎಷ್ಟೋ ಕಾಲ ಆಯ್ತು, ಆದ್ರೂ ಪೆನ್ನು ಹೀಗೇ ಹಿಡಿಯೋದು. ಮಾತು ನಿಂತಾಗಲೆಲ್ಲ ತಟ್ಟೆ ಅಂಚಿಗೆ ತಟ್ಟೋದು. ಬೂದಿ ಉದುರಿಸೋ ಚಾಳಿ. ಮೊದಲನೇ ದಿನಾನೇ ಇಲ್ಲಿ ಇನ್ನೊಬ್ಬರು ಹಾಗೆ ತಟ್ಟಿದ್ರು. ನೋಡಿದೆ, ಮರೆತುಬಿಟ್ಟೆ. ಮನೇಲಿ ದಿನಾ ನೋಡೋದು ಕಣ್ಣಿಗೆ ಬೀಳಲ್ಲ."

ಪೆನ್ನಿನ ಸದ್ದು ನಿಂತಿತು.

"ಮಾಮ," ಎಂದಳು ಅವಳು, ಬಹಳ ಮೆತ್ತಗೆ. "ಇದು ಬರೀ ನನ್ನ ಊಹೆ. ಇಲ್ಲ ಅಂದ್ರೆ ಇಲ್ಲ ಅನ್ನಿ. ಆ ಶೀಶೆ ನಿಮ್ಮದಾ?"

"ಏನ್ ಮೇಡಂ ಹೇಳ್ತಿದೀರಿ?" ಮಗಳು ಎದ್ದು ನಿಂತಳು. "ನಮ್ಮಪ್ಪ ಜೀವನದಲ್ಲಿ ಒಂದು ಸಿಗರೇಟ್ ಮುಟ್ಟಿದವರಲ್ಲ! ಆವತ್ತು ಎಲ್ಲರೂ ಸೇರಿದಾಗ ನಾನೇ ಅವರ ಕೈ ಹಿಡಿದು ಎತ್ತಿದೆ. ನಮ್ಮಪ್ಪನ್ನ ತಗೊಳ್ಳಿ, ಇವರಿಗಿಂತ ಚೊಕ್ಕ ಶ್ವಾಸಕೋಶ ಈ ಕಟ್ಟಡದಲ್ಲೇ ಇಲ್ಲ ಅಂತ ನಾನೇ—"

ಅವಳು ಅಪ್ಪನ ಮುಖ ನೋಡಿ ನಿಲ್ಲಿಸಿದಳು.

"ಕೂತ್ಕೋಮ್ಮ," ಎಂದರು ಮಾಮ. "ನಿನಗೆ ಉಬ್ಬಸ ಇತ್ತು, ಚಿಕ್ಕವಳಿದ್ದಾಗ. ನಾನು ಸೇದಿದ ಕೋಣೆಗೆ ಬಂದ್ರೆ ಉಸಿರು ಕಟ್ಟೋದು. ನಿಮ್ಮಮ್ಮ ಹೇಳಿ ಹೇಳಿ ಸೋತಳು. ಆಮೇಲೆ ಒಂದಿನ ಬಿಟ್ಟೆ. ನಿನಗೆ ನೆನಪಿಲ್ಲ ಅಂತ ಗೊತ್ತಾದಾಗ ಎಷ್ಟು ನೆಮ್ಮದಿ ಆಯ್ತು ಅಂತೀಯ! ನಮ್ಮಪ್ಪ ಮುಟ್ಟಿದವರೇ ಅಲ್ಲ ಅಂತ ನೀನು ಶಾಲೇಲಿ ಹೇಳ್ಕೊಂಡು ಓಡಾಡ್ದೆ. ಅಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಆಮೇಲೆ ಅದೇ ನಿಜ ಆಗಿಹೋಯ್ತು."

"ಆವತ್ತು ಕೈ ಎತ್ತಿದಾಗಲಾದ್ರೂ?" ಎಂದಳು ಟೀಚರ್.

"ಬಿಟ್ಟು ಇಷ್ಟು ವರ್ಷ ಆಯ್ತಲ್ಲ, ಎಲ್ಲ ತೊಳೆದುಹೋಗಿರುತ್ತೆ ಅಂದ್ಕೊಂಡೆ, ತಾಯಿ. ಎಲ್ಲರ ಮುಂದೆ ಮಗಳು ಕೈ ಹಿಡಿದು ಎತ್ತಿದಾಳೆ. ಇಳಿಸೋದು ಹೇಗೆ?"

"ನಿಮ್ಮ ಮಗಳನ್ನ ಮನೆಗೆ ಕಳಿಸಿದಾಗ?" ನನ್ನವಳು ಕೇಳಿದಳು. ಆ ಪ್ರಶ್ನೆ ಅವಳು ಕೇಳದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಆದರೆ ಅದು ಕೇಳಲೇಬೇಕಾದ ಪ್ರಶ್ನೆ.

ಮಾಮ ತಲೆ ತಗ್ಗಿಸಿದರು. "ಆಗ ಅನುಮಾನ ಬಂತು. ದಿನಾ ಬಾಯಿ ತನಕ ಬರೋದು, ನುಂಗಿಕೊಳ್ತಿದ್ದೆ. ಶಿಕ್ಷೆ ನನಗೆ ಕೊಡಿ ಅಂದೆ, ಯಾಕೆ ಅಂತ ಮಾತ್ರ ಹೇಳ್ಲಿಲ್ಲ. ಆಗಲೂ ಬೆಳಿಗ್ಗೆ ಎದ್ದು ಅದೇ ಶೀಶೆ ತೆಗೆದುಕೊಟ್ಟೆ, ಮೇಡಂ. ನನ್ನ ಕೈಯಾರೆ."

ಮುಖ್ಯಸ್ಥರು ಎದ್ದು ಬಾಗಿಲ ಕಡೆ ಹೊರಟರು. ನನ್ನವಳು ತಡೆದಳು. "ನೀವೆಲ್ಲಿಗೆ? ಒಬ್ಬರ ಮಾತನ್ನ ಪರೀಕ್ಷೆ ಮಾಡದೆ ನಂಬಿ ಊರಿಗೇ ಅಳತೆಗೋಲು ಮಾಡಿದ್ದು ನೀವು. ಇವರ ತಪ್ಪಿನ ಪಕ್ಕದಲ್ಲೇ ನಿಮ್ಮದನ್ನೂ ಬರೀತೀನಿ. ಇವತ್ತಿಂದಲೇ ಪಾಸಾದವರನ್ನೆಲ್ಲ ವಾಪಸ್ ಕರೆಸಿ."

ಆಮೇಲೆ ಅವಳು ಮಾಮನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. "ನೀವೂ ಸ್ಕ್ಯಾನ್ ಮಾಡಿಸಬೇಕು. ನಾಳೆ ಅಲ್ಲ, ಈಗಲೇ."

ಆ ಮಾತಿನ ಅರ್ಥ ಮೊದಲು ಆದದ್ದು ಮಗಳಿಗೆ. ಅವಳು ಅಪ್ಪನ ತೋಳು ಹಿಡಿದುಕೊಂಡಳು. ಹಿಂದೊಮ್ಮೆ ಎಲ್ಲರೆದುರು ಎತ್ತಿದ್ದ ಅದೇ ತೋಳು.

ಸ್ಕ್ಯಾನ್‌ನಲ್ಲಿ ಬಟಾಣಿಗಿಂತ ಸಣ್ಣದೊಂದು ಚುಕ್ಕೆ ಕಂಡಿತು. ಕತ್ತರಿಸಿ ತೆಗೆಯಬಹುದು, ಸಮಯಕ್ಕೆ ಸರಿಯಾಗಿ ಸಿಕ್ಕಿದೆ ಎಂದರು ಡಾಕ್ಟರು. ಆ ಮಾತು ಕೇಳಿ ಮಾಮ ಮಗುವಿನಂತೆ ಅತ್ತರು. ಸಂತೋಷಕ್ಕಲ್ಲ. ಅವರು ಹೇಳಿದ ಸುಳ್ಳು ಅಚ್ಚುಕೂಟದವರ ಕಾಯಿಲೆಯನ್ನು ಮುಚ್ಚಿಟ್ಟಿತು, ಅದೇ ಸುಳ್ಳನ್ನು ಬಯಲಿಗೆಳೆದ ತನಿಖೆ ಮಾಮನನ್ನು ಉಳಿಸಿತು. ಇಂಥ ನ್ಯಾಯವನ್ನು ನಾನು ಪತ್ರಿಕೆಯಲ್ಲಿದ್ದಷ್ಟು ಕಾಲವೂ ಕಂಡಿರಲಿಲ್ಲ. ಇವತ್ತಿಗೂ ಅದು ನನಗೆ ಜೀರ್ಣವಾಗಿಲ್ಲ.

ತಮ್ಮ ಆಪರೇಷನ್ನಿಗೆ ಮುಂಚೆ ಒಮ್ಮೆ ಅಚ್ಚುಕೂಟದವರನ್ನು ನೋಡಬೇಕು ಎಂದರು ಮಾಮ. ಬೇಡ ಎಂದಳು ಟೀಚರ್. ಬರಲಿ ಬಿಡು ಎಂದರು ಅವಳಪ್ಪ.

ಮಾಮನನ್ನು ಮಗಳು ಕರೆತಂದಳು. ಕೆಲಸಕ್ಕೆ ಮರಳಿದ್ದ ಅವಳು ಲ್ಯಾಬ್ ಕೋಟಿನಲ್ಲೇ ಇದ್ದಳು. ನಾವು ಗೋಡೆಗೆ ಒರಗಿ ನಿಂತೆವು. ಮಾಮ ಮಂಚದ ಹತ್ತಿರ ಹೋಗಿ ನಿಂತರು. ಅಚ್ಚುಕೂಟದವರು ಅವರನ್ನು ನೋಡಿದರು. ಉಸಿರಾಡುವುದೇ ಅವರಿಗೆ ಕೆಲಸವಾಗಿತ್ತು.

"ಕೂತ್ಕೊಳ್ಳಿ," ಎಂದರು. "ಕ್ಷಮಿಸಿದೆ ಅಂತ ಹೇಳೋಕೆ ಆಗಲ್ಲ. ನನ್ನ ಮಗಳು ಒಬ್ಬಳೇ ಆಗ್ತಾಳೆ. ಅದೊಂದನ್ನ ಕ್ಷಮಿಸೋಕೆ ನನ್ನ ಕೈಲಿ ಆಗ್ತಿಲ್ಲ."

"ಬೇಡ," ಎಂದರು ಮಾಮ. "ಅದು ಕೇಳೋಕೆ ಬಂದಿಲ್ಲ."

"ಮತ್ತೆ?"

ಮಾಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಅಚ್ಚುಕೂಟದವರು ಕೆಮ್ಮಿ, ಸುಧಾರಿಸಿಕೊಂಡು, ಕೇಳಿದರು. "ದಿನಕ್ಕೆ ಎಷ್ಟು ಸೇದ್ತಿದ್ರಿ?"

ಮಾಮ ಬಾಗಿಲ ಕಡೆ ತಿರುಗಿ ನೋಡಿದರು. ಮಗಳು ಅಲ್ಲಿಯೇ ನಿಂತಿದ್ದಳು, ಆಚೆ ಹೋಗಲಿಲ್ಲ.

"ಎರಡು ಪ್ಯಾಕು," ಎಂದರು, ಅವಳಿಗೂ ಕೇಳಿಸುವಂತೆ. "ಮಗಳು ಹುಟ್ಟಿದ ದಿನ ಮೂರು."